ಮಕ್ಕಳ ಕೈಯ ಅಲಂಕಾರ ಕೊಡಗಿನ ಮಳೆಗೂ ಉಳಿಯಬೇಕಾದರೆ

ಪ್ರಶ್ನೆ: ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ಮನೆ ಮುಂದೆ ಚಿಕ್ಕ ಹೂತೋಟ ಇದೆ, ಹಿಂದೆ ಒಂದೆರಡು ತರಕಾರಿ ಮಡಿ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ಕಳೆದ ಬೇಸಿಗೆ ರಜೆಯಲ್ಲಿ ಮೊಬೈಲ್ ನೋಡಿಕೊಂಡು ಕಲ್ಲಿಗೆ ಬಣ್ಣ ಬಳಿದೆವು, ರಟ್ಟಿನ ಚಿಟ್ಟೆ ಮಾಡಿ ತೂಗುಹಾಕಿದೆವು, ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಹೂ ಮಾಡಿದೆವು. ಜೂನ್ ಮಳೆಗೆ ಎಲ್ಲಾ ಹಾಳಾಯಿತು. ಮಗಳು ಅತ್ತುಬಿಟ್ಟಳು. ಈ ಸಲ ಮಳೆಗೂ ಉಳಿಯುವಂಥದ್ದು, ಜಾಸ್ತಿ ಖರ್ಚಿಲ್ಲದ್ದು, ಮಕ್ಕಳೇ ಮಾಡಬಹುದಾದದ್ದು ಏನಿದೆ? ಚಿಕ್ಕವನು ಹತ್ತು ನಿಮಿಷ ಒಂದು ಕಡೆ ಕೂರುವುದೂ ಕಷ್ಟ.

ಉತ್ತರ: ಮಗಳು ಅತ್ತಳು ಅಂದರೆ ಮನಸ್ಸಿಟ್ಟು ಮಾಡಿದ್ದಳು ಅಂತಲೇ ಅರ್ಥ. ಈ ಸಲ ಖಂಡಿತ ಮಾಡಿ. ಆದರೆ ಏನು ಮಾಡಬೇಕು ಅಂತ ಯೋಚಿಸುವ ಮೊದಲು ಮಕ್ಕಳನ್ನು ಕೂರಿಸಿಕೊಂಡು ಒಂದು ವಿಷಯ ಮಾತಾಡಿಕೊಳ್ಳಿ. ನಾವು ಮಾಡುವುದು ಮಳೆಗಾಲ ದಾಟಬೇಕಾ, ಇಲ್ಲಾ ಮಳೆಗೆ ಕರಗಿ ಮಣ್ಣಾದರೂ ಪರವಾಗಿಲ್ವಾ? ಪ್ರತಿಯೊಂದಕ್ಕೂ ಇದನ್ನು ಮೊದಲೇ ತೀರ್ಮಾನ ಮಾಡಿ. ಉಳಿಯಬೇಕಾದದ್ದನ್ನು ಸಿಮೆಂಟ್, ಕಲ್ಲು, ತೆಂಗಿನ ಚಿಪ್ಪಿನಲ್ಲಿ ಮಾಡಿ. ಹೋಗುವುದನ್ನು ಮಣ್ಣು, ಎಲೆ, ಹೂವಿನಲ್ಲಿ ಮಾಡಿ. ಬೇಜಾರು ತರುವುದೆಲ್ಲ ಇವೆರಡರ ನಡುವಿನವು. ಉಳಿಯುತ್ತದೆ ಅಂತ ನಂಬಿ ಮಾಡುತ್ತೇವೆ, ಅದು ಉಳಿಯುವುದಿಲ್ಲ. ನಿಮ್ಮ ರಟ್ಟಿನ ಚಿಟ್ಟೆಗೆ ಆದದ್ದು ಅದೇ.

ಮೊಬೈಲಿನಲ್ಲಿ ಸಿಗುವ ವಿಡಿಯೋಗಳು ಬಹಳಷ್ಟು ಮಳೆ ಕಡಿಮೆ ಇರುವ ಊರಿನವು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಕುಶಾಲನಗರದ ಕಡೆ ಇಳಿದರೆ ಮಳೆ ಎಷ್ಟೋ ಕಡಿಮೆ, ಭಾಗಮಂಡಲದ ಕಡೆ ಹೋದರೆ ಇನ್ನೂ ಜಾಸ್ತಿ. ನೀವು ಮಧ್ಯದಲ್ಲಿದ್ದೀರಿ. ಆದರೂ ವಾರಗಟ್ಟಲೆ ಬಿಸಿಲು ಕಾಣದ ಜಾಗ. ಅಲ್ಲಿ ಬರೀ ನೀರಷ್ಟೇ ತೊಂದರೆ ಕೊಡುವುದಿಲ್ಲ. ಬೂಷ್ಟು, ಪಾಚಿ, ಸೂರಿನ ನೀರು ಬಿದ್ದು ಸಿಡಿಯುವ ಕೆಸರು, ಗಾಳಿ, ಇವೆಲ್ಲ ಸೇರಿ ಕೆಡಿಸುತ್ತವೆ.

ಮೊದಲು ನಿಮ್ಮ ಕಲ್ಲಿನ ವಿಷಯ ಮುಗಿಸುತ್ತೇನೆ. ಶಾಲೆಯ ಪೋಸ್ಟರ್ ಕಲರ್, ವಾಟರ್ ಕಲರ್ ಒಂದೇ ಮಳೆಗೆ ತೊಳೆದುಹೋಗುತ್ತದೆ. ಒಳ್ಳೆಯ ಬಣ್ಣ ಹಾಕಿದರೂ ಸಿಪ್ಪೆ ಎದ್ದರೆ, ಕಲ್ಲು ಒಳಗೆ ತೇವ ಇತ್ತು ಅಂತ ತಿಳಿಯಿರಿ. ಕಲ್ಲನ್ನು ನಾರಿನ ಬ್ರಷ್ಷಿನಿಂದ ಉಜ್ಜಿ ತೊಳೆದು, ಏಪ್ರಿಲ್ ಬಿಸಿಲಿನಲ್ಲಿ ಮೂರ್ನಾಲ್ಕು ದಿನ ಬಿಡಿ. ತೀರಾ ನುಣುಪಾದ ಹೊಳೆಕಲ್ಲಿಗಿಂತ ಸ್ವಲ್ಪ ಒರಟಾದ ಕಲ್ಲಿಗೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಹೊರಗೋಡೆಗೆ ಬಳಿಯುವ ಬಿಳಿ ಎಮಲ್ಷನ್ ಒಂದು ಲೀಟರ್ ತೆಗೆದುಕೊಳ್ಳಿ. ಜೊತೆಗೆ ಸ್ಟೇನರ್ ಅಂತ ಚಿಕ್ಕ ಬಾಟಲಿಗಳು ಸಿಗುತ್ತವೆ. ಕೆಂಪು, ಹಳದಿ, ನೀಲಿ ಮೂರಿದ್ದರೆ ಮಕ್ಕಳು ಬೇಕಾದ ಬಣ್ಣ ಕಲಸಿಕೊಳ್ಳುತ್ತಾರೆ. ಬಣ್ಣದ ಡಬ್ಬಿಗಳ ಸೆಟ್ ಕೊಳ್ಳುವುದಕ್ಕಿಂತ ಇದು ಅಗ್ಗ, ಮಳೆಗೂ ತಡೆಯುತ್ತದೆ. ಮೊದಲು ಒಂದು ಕೋಟ್ ಬಿಳಿ, ಅದು ಒಣಗಿದ ಮೇಲೆ ಚಿತ್ರ. ಕಲ್ಲಿನ ತಳಕ್ಕೆ ಮಾತ್ರ ಬಳಿಯಬೇಡಿ. ತೇವ ಹೊರಗೆ ಹೋಗಲು ಒಂದು ದಾರಿ ಇರಲಿ.

ಇಷ್ಟೆಲ್ಲ ಮಾಡಿದರೂ ಬಣ್ಣದ ಕಲ್ಲನ್ನು ನೇರ ಮಳೆಗೆ ಇಡದಿದ್ದರೆ ಒಳ್ಳೆಯದು. ಸೂರಿನ ಒಳಬದಿ, ಜಗಲಿಯ ಕಟ್ಟೆ, ಕುಂಡದ ಮಗ್ಗುಲು ಸರಿಯಾದ ಜಾಗ. ನನಗೆ ಇಷ್ಟವಾಗುವುದು ಗಿಡದ ಹೆಸರು ಬರೆದ ಚಪ್ಪಟೆ ಕಲ್ಲು. ಪುದೀನ, ಕೊತ್ತಂಬರಿ, ಗಾಂಧಾರಿ ಮೆಣಸು. ಹೆಸರನ್ನು ಮಗಳೇ ಬರೆಯಲಿ. ಒತ್ತಕ್ಷರ ತಪ್ಪಿದರೆ ತಿದ್ದಬೇಡಿ, ಹಾಗೇ ಇರಲಿ ಬಿಡಿ.

ಒಂದು ಎಚ್ಚರಿಕೆ ಇದೆ. ಅಟ್ಟದಲ್ಲೋ ಗೋದಾಮಿನಲ್ಲೋ ಉಳಿದ ಹಳೇ ಆಯಿಲ್ ಪೇಂಟ್ ಡಬ್ಬಿಯನ್ನು ಮಕ್ಕಳಿಗೆ ಕೊಡಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಅನ್ನುವ ವಿಷಲೋಹ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ಮೀರಬಾರದು ಅಂತ ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಅದು ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಡಬ್ಬಿಯಲ್ಲಿ ಸೀಸ ಎಷ್ಟಿದೆ ಅಂತ ನೋಡಿ ಹೇಳಲು ಆಗುವುದಿಲ್ಲ. ಕೈ ಬಾಯಿಗೆ ಹಾಕುವ ವಯಸ್ಸಿನ ಮಗು ಇರುವ ಮನೆಯಲ್ಲಿ ಅದು ಬೇಡವೇ ಬೇಡ.

ಈಗ ನಿಜವಾಗಿ ಉಳಿಯುವ ವಸ್ತುವಿಗೆ ಬರೋಣ. ನೀವು ಈ ರಜೆಯಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಕೆಸುವಿನ ಎಲೆಯ ಅಚ್ಚಿನಲ್ಲಿ ಸಿಮೆಂಟಿನ ತಟ್ಟೆ ಮಾಡಿ. ಹಕ್ಕಿಗಳಿಗೆ ನೀರಿಡಲು ಅದಕ್ಕಿಂತ ಚಂದದ್ದು ಇನ್ನೊಂದಿಲ್ಲ. ಎಲೆಯ ಒಂದೊಂದು ನರವೂ ಸಿಮೆಂಟಿನಲ್ಲಿ ಮೂಡಿ ನಿಲ್ಲುತ್ತದೆ. ಬಣ್ಣವೇ ಇಲ್ಲದ್ದರಿಂದ ಸಿಪ್ಪೆ ಏಳುವ ಮಾತೂ ಇಲ್ಲ.

ಬೇಸಿಗೆಯಲ್ಲೂ ಬಚ್ಚಲ ನೀರು ಹರಿಯುವ ಕಡೆ, ತೋಡಿನ ಬದಿಯಲ್ಲಿ ಕೆಸು ಸಿಗುತ್ತದೆ. ಸಿಗದಿದ್ದರೆ ದೊಡ್ಡ ಕುಂಬಳದ ಎಲೆ ಆಗುತ್ತದೆ. ತೂತಿಲ್ಲದ, ಒಂದಡಿ ಅಗಲದ ಎಲೆ ಆರಿಸಿ. ಕೆಸುವಿನ ರಸ ತಾಗಿದರೆ ತುರಿಕೆ ಅಂತ ನಿಮಗೆ ಗೊತ್ತೇ ಇದೆ, ಅದನ್ನು ಕೊಯ್ಯುವುದು ನೀವೇ ಮಾಡಿ. ಹಲಗೆಯ ಮೇಲೆ ಒದ್ದೆ ಮರಳನ್ನು ಗುಡ್ಡೆ ಹಾಕಿ ತಟ್ಟಿ. ಈ ಕೆಲಸಕ್ಕೆ ನಿಮ್ಮ ಐದು ವರ್ಷದವನನ್ನು ಬಿಡಿ, ಹತ್ತು ನಿಮಿಷ ಅಲ್ಲ, ಅರ್ಧ ಗಂಟೆ ಕೂರುತ್ತಾನೆ. ಗುಡ್ಡೆ ಎತ್ತರವಾದಷ್ಟೂ ತಟ್ಟೆ ಆಳವಾಗುತ್ತದೆ. ಹಕ್ಕಿಗೆ ಆಳ ಬೇಡ, ಎರಡು ಇಂಚು ಎತ್ತರ ಸಾಕು. ಗುಡ್ಡೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ. ಅದರ ಮೇಲೆ ಎಲೆಯನ್ನು ಬೆನ್ನು ಮೇಲೆ ಬರುವ ಹಾಗೆ ಮಗುಚಿ ಇಡಿ. ನರಗಳು ಉಬ್ಬಿರುವುದು ಬೆನ್ನಿನ ಕಡೆ. ಸಿಮೆಂಟ್ ಬೀಳಬೇಕಾದದ್ದು ಅದರ ಮೇಲೆ.

ಒಂದು ಪಾಲು ಸಿಮೆಂಟಿಗೆ ಎರಡೂವರೆ ಪಾಲು ಜರಡಿ ಹಿಡಿದ ಸಣ್ಣ ಮರಳು. ನೀರು ಸ್ವಲ್ಪ ಸ್ವಲ್ಪವೇ ಹಾಕಿ, ಚಪಾತಿ ಹಿಟ್ಟಿಗಿಂತ ಕೊಂಚ ಮೆತ್ತಗೆ ಕಲಸಿ. ನೀರು ಜಾಸ್ತಿಯಾದರೆ ಇಳಿಜಾರಿನಲ್ಲಿ ನಿಲ್ಲುವುದಿಲ್ಲ, ಒಣಗಿದಾಗ ಬಿರುಕೂ ಬಿಡುತ್ತದೆ. ಮನೆ ಕೆಲಸ ಮುಗಿದು ಉಳಿದ ಸಿಮೆಂಟ್ ಚೀಲ ಇದ್ದರೆ ಮೊದಲು ಒಳಗೆ ಕೈ ಹಾಕಿ ನೋಡಿ. ನಮ್ಮ ಕಡೆಯ ತೇವಕ್ಕೆ ಚೀಲದಲ್ಲೇ ಗಟ್ಟಿಯಾಗಿರುತ್ತದೆ. ಹಿಸುಕಿದರೂ ಪುಡಿಯಾಗದ ಉಂಡೆ ಇದ್ದರೆ ಅದು ಪ್ರಯೋಜನವಿಲ್ಲ.

ಒಣ ಸಿಮೆಂಟಿನ ಧೂಳು ಮಕ್ಕಳ ಮೂಗಿಗೆ ಹೋಗಬಾರದು, ಕಲಸುವಾಗ ಅವರು ದೂರ ಇರಲಿ. ಹಸಿ ಸಿಮೆಂಟ್ ಸುಣ್ಣದ ಹಾಗೇ ಚರ್ಮ ಸುಡುತ್ತದೆ. ಉರಿ ತಕ್ಷಣ ಗೊತ್ತಾಗುವುದಿಲ್ಲ, ಸಂಜೆ ಗೊತ್ತಾಗುತ್ತದೆ. ಆದ್ದರಿಂದ ರಬ್ಬರ್ ಗ್ಲೌಸ್ ಇಲ್ಲದೆ ಯಾರೂ ಮುಟ್ಟುವುದು ಬೇಡ. ಮಕ್ಕಳ ಅಳತೆಯ ಗ್ಲೌಸ್ ಸಿಗದಿದ್ದರೆ ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಗಿ ಮಾಡಿ. ತಾಗಿದರೆ ಕೂಡಲೇ ಜಾಸ್ತಿ ನೀರಲ್ಲಿ ತೊಳೆಯಿರಿ.

ಮಗಳು ಎಲೆಯ ನಡುವಿನಿಂದ ಶುರು ಮಾಡಿ ಅಂಚಿನ ಕಡೆ ಸಿಮೆಂಟ್ ತಟ್ಟುತ್ತಾ ಬರಲಿ. ನಡುವೆ ಒಂದು ಇಂಚು ದಪ್ಪ, ಅಂಚಿಗೆ ಅರ್ಧ ಇಂಚು. ಎಲೆಯ ಅಂಚು ಒಂದು ಗೆರೆಯಷ್ಟು ಹೊರಗೆ ಕಾಣುತ್ತಿರಲಿ. ಸಿಮೆಂಟ್ ಅದನ್ನು ದಾಟಿ ಹರಿದರೆ ಎಲೆಯ ಆಕಾರ ಹೋಗುತ್ತದೆ. ನಡುಮಧ್ಯದಲ್ಲಿ ಒಂದು ಹಿಡಿ ಸಿಮೆಂಟನ್ನು ಚಪ್ಪಟೆಯಾಗಿ ಕೂರಿಸಿ. ಮಗುಚಿದಾಗ ಅದೇ ಕಾಲು, ತಟ್ಟೆ ಅಲ್ಲಾಡುವುದಿಲ್ಲ. ಪ್ಲಾಸ್ಟಿಕ್ ಮುಚ್ಚಿ ನೆರಳಿನಲ್ಲಿ ಎರಡು ದಿನ ಬಿಡಿ.

ಮಗುಚುವ ಕೆಲಸ ನಿಮ್ಮದು, ಎಲೆ ಸುಲಿಯುವ ಕೆಲಸ ಮಕ್ಕಳದು. ಎರಡು ದಿನಕ್ಕೆ ಎಲೆ ಕಪ್ಪಾಗಿರುತ್ತದೆ. ತೊಟ್ಟಿನ ಕಡೆಯಿಂದ ಹಿಡಿದು ಎಳೆದರೆ ದೊಡ್ಡ ದೊಡ್ಡ ತುಂಡಾಗಿ ಬರುತ್ತದೆ, ಅದರ ಅಡಿಯಲ್ಲಿ ನರಗಳ ಬಲೆ. ಆ ಹೊತ್ತಿನಲ್ಲಿ ನೀವು ಪಕ್ಕದಲ್ಲಿರಿ. ಮಕ್ಕಳ ಮುಖ ನೋಡುವುದಕ್ಕೇ ಇಡೀ ಕೆಲಸ ಮಾಡಬಹುದು. ಈಗಲೂ ಗ್ಲೌಸ್ ಇರಲಿ. ಸಂದಿಯಲ್ಲಿ ಉಳಿದ ಚೂರನ್ನು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಆಮೇಲೆ ಒಂದು ವಾರ ದಿನಕ್ಕೆರಡು ಸಲ ನೀರು ಹೊಡೆಯಬೇಕು, ಗಾರೆ ಕೆಲಸದವರು ಗೋಡೆಗೆ ಕ್ಯೂರಿಂಗ್ ಮಾಡುತ್ತಾರಲ್ಲ, ಅದೇ ಕೆಲಸ. ಕೊನೆಗೆ ನೀರು ತುಂಬಿಸಿ, ದಿನವೂ ಚೆಲ್ಲಿ ಬದಲಿಸುತ್ತಾ ಇನ್ನೊಂದು ವಾರ ಇಡಿ. ಹೊಸ ಸಿಮೆಂಟಿನ ಖಾರ ನೀರಿಗೆ ಬಿಟ್ಟುಕೊಳ್ಳುತ್ತದೆ, ಅದು ಹೋದ ಮೇಲೆಯೇ ಹಕ್ಕಿಗೆ ಕುಡಿಯಲು ಇಡಬೇಕು.

ಇಡುವ ಜಾಗವೂ ಮುಖ್ಯ. ನೆರಳಿರಲಿ, ಹತ್ತಿರದಲ್ಲಿ ಹಕ್ಕಿ ಹಾರಿ ಕೂರಲು ಒಂದು ಕೊಂಬೆ ಇರಲಿ. ಆದರೆ ಬೆಕ್ಕು ಅಡಗಿ ಕೂರುವಷ್ಟು ದಟ್ಟ ಪೊದೆ ಪಕ್ಕದಲ್ಲೇ ಬೇಡ. ನಡುವೆ ಒಂದು ಒರಟು ಕಲ್ಲಿಟ್ಟರೆ ಸಣ್ಣ ಹಕ್ಕಿಗಳಿಗೆ ಕಾಲೂರಲು ಆಗುತ್ತದೆ. ಪಿಕಳಾರ, ಮಡಿವಾಳ, ಗೊರವಂಕ ಬಂದೇ ಬರುತ್ತವೆ. ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ ಉಜ್ಜಿ ತುಂಬಿಸಿ. ಡೆಂಗಿ ಹರಡುವ ಸೊಳ್ಳೆ ಇಂಥ ಶುದ್ಧ ನಿಂತ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ ಹತ್ತು ದಿನ ಸಾಕು. ಮಳೆ ಹಿಡಿದ ಮೇಲೆ ಹಕ್ಕಿಗೆ ನೀರಿನ ಕೊರತೆ ಇಲ್ಲ. ಆಗ ತಟ್ಟೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ನರಗಳ ಮೇಲೆ ಪಾಚಿ ಬಂದು ಇನ್ನೂ ಚಂದ ಕಾಣುತ್ತದೆ.

ಸಿಮೆಂಟಿಗೆ ಬಣ್ಣ ಬೇಕೆಂದರೆ ಮೇಲೆ ಬಳಿಯುವ ಬದಲು ಒಳಗೇ ಕಲಸಿ. ಹಳೇ ಮನೆಗಳ ನೆಲಕ್ಕೆ ಹಾಕುತ್ತಿದ್ದ ರೆಡ್ ಆಕ್ಸೈಡ್ ಪುಡಿ ಈಗಲೂ ಸಿಗುತ್ತದೆ. ಹಳದಿಯೂ ಇದೆ. ಒಂದು ಲೋಟ ಸಿಮೆಂಟಿಗೆ ಒಂದು ದೊಡ್ಡ ಚಮಚ ಸಾಕು. ಜಾಸ್ತಿ ಹಾಕಿದರೆ ಸಿಮೆಂಟ್ ಬಲ ಕಳೆದುಕೊಳ್ಳುತ್ತದೆ.

ಅದೇ ಸಿಮೆಂಟಿನಲ್ಲಿ ಮಕ್ಕಳ ಪುಟ್ಟ ಪಾದದ ಗುರುತು ಮಾಡಬಹುದು. ಹಸಿ ಸಿಮೆಂಟಿನಲ್ಲಿ ಮಗುವಿನ ಅಂಗೈ ಒತ್ತಿಸುವ ವಿಡಿಯೋಗಳು ತುಂಬಾ ಇವೆ. ದಯವಿಟ್ಟು ಹಾಗೆ ಮಾಡಬೇಡಿ, ಯಾಕೆ ಅಂತ ಮೇಲೆ ಹೇಳಿದೆ. ಉಲ್ಟಾ ಮಾಡಿ. ಹಳೇ ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಮೂರು ಇಂಚು ಒದ್ದೆ ಮರಳು ತುಂಬಿ ಗಟ್ಟಿಯಾಗಿ ತಟ್ಟಿ. ಮಗು ಅದರಲ್ಲಿ ಪಾದ ಆಳವಾಗಿ ಊರಿ ನಿಧಾನವಾಗಿ ಎತ್ತಲಿ. ಆ ಗುಳಿಗೆ ಸ್ವಲ್ಪ ತೆಳ್ಳಗೆ ಕಲಸಿದ ಸಿಮೆಂಟನ್ನು ಚಮಚದಲ್ಲಿ ಹಾಕಿ, ಬೆರಳಿನ ಗುಳಿಗಳನ್ನು ಮೊದಲು ತುಂಬಿ, ಮೇಲೆ ಎರಡು ಇಂಚು ದಪ್ಪ ಹರಡಿ. ಎರಡು ದಿನ ಬಿಟ್ಟು ತೆಗೆದರೆ ಉಬ್ಬಿದ ಪಾದ ಬಂದಿರುತ್ತದೆ, ಮೈಗೆಲ್ಲ ಮರಳು ಅಂಟಿಕೊಂಡು. ಕೃಷ್ಣ ಜನ್ಮಾಷ್ಟಮಿಗೆ ಬಾಗಿಲಲ್ಲಿ ಪುಟ್ಟ ಹೆಜ್ಜೆ ಬರೆಯುವ ಮನೆಯಾದರೆ ಇದನ್ನು ಮೆಟ್ಟಿಲ ಪಕ್ಕ ಇಡಬಹುದು. ನಡೆಯುವ ದಾರಿಯಲ್ಲಿ ಮಾತ್ರ ಹಾಕಬೇಡಿ. ಜುಲೈಯಲ್ಲಿ ಪಾಚಿ ಹಿಡಿದು ಜಾರುತ್ತದೆ.

ಚಿಕ್ಕವನಿಗೆ ಬೇಗ ಫಲ ಕಾಣುವ ಕೆಲಸ ಬೇಕು. ತೆಂಗಿನ ಚಿಪ್ಪು ತೆಗೆದುಕೊಂಡು ನೀವು ಕಣ್ಣಿನ ಕಡೆ ತೂತು ಮಾಡಿಕೊಡಿ, ಉಪ್ಪುಕಾಗದದಿಂದ ಹೊರಗೆ ಉಜ್ಜಿಕೊಡಿ. ಅವನು ಅದಕ್ಕೆ ಎರಡು ಕಣ್ಣು, ಒಂದು ಬಾಯಿ ಬರೆಯಲಿ. ಒಳಗೆ ಮಣ್ಣು, ಗೊಬ್ಬರ ತುಂಬಿ ಮೇಲೆ ರಾಗಿ ದಟ್ಟವಾಗಿ ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಿ, ನೀರು ಚಿಮುಕಿಸಿ. ಮೂರ್ನಾಲ್ಕು ದಿನದಲ್ಲಿ ಮೊಳಕೆ, ಹತ್ತು ಹನ್ನೆರಡು ದಿನದಲ್ಲಿ ಬೊಂಬೆಗೆ ತಲೆ ತುಂಬಾ ಹಸಿರು ಕೂದಲು. ಮೊಂಡು ಕತ್ತರಿ ಕೊಟ್ಟು ಕ್ಷೌರ ಮಾಡಿಸಿ. ಮತ್ತೆ ಬೆಳೆಯುತ್ತದೆ. ಸಾಸಿವೆ ಹಾಕಿದರೆ ಗುಂಗುರು ಕೂದಲಿನಂತೆ ಬರುತ್ತದೆ, ಒಂದು ರಾಗಿ, ಒಂದು ಸಾಸಿವೆ ಮಾಡಿ ಪಕ್ಕಪಕ್ಕ ಇಡಿ. ರಾಗಿ ಮುಗಿದ ಮೇಲೆ ಅದೇ ಚಿಪ್ಪಿನಲ್ಲಿ ಜರೀಗಿಡ ನೆಟ್ಟು ತೂಗುಹಾಕಬಹುದು.

ಬೆಳಿಗ್ಗೆ ಅಂಗಳದಲ್ಲಿ ಉದುರಿದ್ದನ್ನೆಲ್ಲ ಹೆಕ್ಕಿ ರಂಗೋಲಿ ಮಾಡುವುದೂ ಅವನಿಗೆ ಹಿಡಿಸುತ್ತದೆ. ತೋಟದ ಸಿಲ್ವರ್ ಓಕ್ ಎಲೆ ಇದಕ್ಕೆ ಎಷ್ಟು ಚೆನ್ನ ಗೊತ್ತಾ. ಒಂದು ಮಗ್ಗುಲು ಕಂದು, ತಿರುಗಿಸಿದರೆ ಬೆಳ್ಳಿ. ಎಲೆಯನ್ನು ಹಾಗೆ ಒಮ್ಮೆ, ಹೀಗೆ ಒಮ್ಮೆ ಇಟ್ಟು ಸುತ್ತು ಮಾಡಿದರೆ ಬಣ್ಣವೇ ಬೇಡ. ನಡುವೆ ದಾಸವಾಳವೋ ಗುಲ್‌ಮೊಹರ್ ಎಸಳೋ ಇಡಲಿ. ಜೇಡಿಮಣ್ಣಿನ ಉಂಡೆಯನ್ನು ಮರದ ಬುಡಕ್ಕೆ ಅಂಟಿಸಿ ಮುಖ ಮಾಡಿ, ಬೀಜದ ಕಣ್ಣು, ಎಲೆಯ ಕಿವಿ ಇಡುವುದು ಇನ್ನೊಂದು. ಇವು ಗಾಳಿಗೆ ಚದುರುತ್ತವೆ, ಮಳೆಗೆ ಕರಗುತ್ತವೆ ಅಂತ ಮೊದಲೇ ಹೇಳಿರಿ. ಗೊತ್ತಿದ್ದರೆ ಮಕ್ಕಳು ಅಳುವುದಿಲ್ಲ, ಕರಗುವುದನ್ನು ನೋಡಲು ಜಗಲಿಯಲ್ಲಿ ಕಾಯುತ್ತಾರೆ. ಮಣ್ಣಿಗಾಗಿ ಹುತ್ತದ ಹತ್ತಿರ ಮಾತ್ರ ಕಳಿಸಬೇಡಿ.

ತೂಗುಹಾಕುವ ವಸ್ತುಗಳಲ್ಲಿ ಮೊದಲು ಕೆಡುವುದು ದಾರ. ಹತ್ತಿ ದಾರ, ನಾರಿನ ಹಗ್ಗ ಮಳೆಗೆ ಕೊಳೆತು ಬೀಳುತ್ತವೆ. ನೈಲಾನ್ ದಾರವೇ ಸರಿ. ಚಿಪ್ಪಿನ ತುಂಡು, ಬಿದಿರಿನ ಗಣ್ಣು ಪೋಣಿಸಿ ಗಾಳಿಗಂಟೆ ಮಾಡಬಹುದು. ಮೇಲಿನ ಅಡ್ಡಕ್ಕೆ ಕಪಾತು ಮಾಡಿದಾಗ ಬಿದ್ದ ಕಾಫಿ ಕಡ್ಡಿ ಬಳಸಿ. ಗಟ್ಟಿ, ಡೊಂಕೂ ಚಂದ. ಹಸಿ ಬಿದಿರನ್ನು ಕಡಿದು ಹಾಗೇ ಬಳಸಿದರೆ ಅದರ ಪಿಷ್ಟಕ್ಕೆ ಹುಳು ಬಿದ್ದು ಕೆಳಗೆ ಹಿಟ್ಟು ಉದುರುತ್ತದೆ. ಬಲಿತ ಬಿದಿರನ್ನು ತುಂಡು ಮಾಡಿ ಎರಡು ಮೂರು ವಾರ ಹರಿಯುವ ನೀರಿನಲ್ಲಿ ಮುಳುಗಿಸಿಟ್ಟು ನೆರಳಲ್ಲಿ ಒಣಗಿಸಿದರೆ ಹೆಚ್ಚು ಕಾಲ ಬರುತ್ತದೆ. ಜೂನ್, ಜುಲೈ ಗಾಳಿಗೆ ಒಳಗೆ ತೆಗೆದಿಡಿ.

ಮಳೆಗಾಲ ಶುರುವಾಯಿತು ಅಂತ ಈ ಕೆಲಸವನ್ನೆಲ್ಲ ನಿಲ್ಲಿಸಬೇಕಾಗಿಲ್ಲ. ಮಳೆಯೇ ಮಾಡಿಕೊಡುವ ಅಲಂಕಾರಗಳಿವೆ, ನನಗೆ ಅವು ಉಳಿದೆಲ್ಲಕ್ಕಿಂತ ಹೆಚ್ಚು ಪ್ರೀತಿ. ಜುಲೈ ಹೊತ್ತಿಗೆ ಬಿಸಿಲು ಬೀಳದ ಕಾಂಪೌಂಡ್ ಗೋಡೆ ಹಸಿರಾಗಿರುತ್ತದೆ. ಅಡಿಕೆ ಹಾಳೆಯಲ್ಲಿ ಮೀನು, ಎಲೆ, ಆನೆ ಹೀಗೆ ಒಂದು ಆಕಾರ ಕತ್ತರಿಸಿ. ಒಬ್ಬರು ಅದನ್ನು ಗೋಡೆಗೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಸುತ್ತಲಿನ ಪಾಚಿಯನ್ನು ನಾರಿನ ಬ್ರಷ್ಷಿನಿಂದ ಉಜ್ಜಿ ತೆಗೆಯಲಿ. ಹಾಳೆ ಸರಿಸಿದರೆ ಗೋಡೆಯ ಮೇಲೆ ಪಾಚಿಯ ಆನೆ ನಿಂತಿರುತ್ತದೆ. ಕೆಲವು ವಾರ ಕಳೆದರೆ ಸುತ್ತಲೂ ಮತ್ತೆ ಹಸಿರು ಬಂದು ಆನೆ ಅಡಗಿಕೊಳ್ಳುತ್ತದೆ, ಆಗ ಬೇರೆ ಚಿತ್ರ. ಒಂದು ಪೈಸೆ ಖರ್ಚಿಲ್ಲ.

ಇನ್ನೊಂದು ಬಸಳೆಯ ಗುಡಾರ. ಆರೇಳು ಅಡಿಯ ಆರು ಗೂಟಗಳನ್ನು ನಾಲ್ಕು ಅಡಿ ಅಗಲದ ಸುತ್ತಿನಲ್ಲಿ ನೆಟ್ಟು, ತುದಿ ಸೇರಿಸಿ ಕಟ್ಟಿ. ಮಕ್ಕಳು ನುಗ್ಗಲು ಒಂದು ಕಡೆ ಸಂದಿ ಬಿಡಿ. ಬಿದಿರು ಆಗುತ್ತದೆ. ತೋಟದಲ್ಲಿ ಮರಗಸಿ ಮಾಡುವಾಗ, ಅಂದರೆ ನೆರಳಿನ ಮರಗಳ ಕೊಂಬೆ ಸವರುವಾಗ, ಹಾಲುವಾಣದ ಕೊಂಬೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಮುಳ್ಳು ಕೆರೆದು ಮಳೆ ಶುರುವಿಗೆ ನೆಟ್ಟರೆ ಗೂಟವೇ ಬೇರು ಬಿಟ್ಟು ಚಿಗುರುತ್ತದೆ. ಪ್ರತಿ ಗೂಟದ ಬುಡಕ್ಕೆ ಮಣ್ಣು ಏರಿಸಿ ಬಸಳೆ ಬಳ್ಳಿಯ ತುಂಡು ಊರಿ. ಬೀನ್ಸ್ ನಮ್ಮ ಮಳೆಗೆ ಕೊಳೆಯುತ್ತದೆ, ಬಸಳೆಗೆ ಮಳೆ ಅಂದರೆ ಇಷ್ಟ. ಆಗಸ್ಟ್ ಹೊತ್ತಿಗೆ ಗೂಟ ಮುಚ್ಚುತ್ತದೆ, ಸಾರಿಗೂ ಸೊಪ್ಪು ಸಿಗುತ್ತದೆ. ಒಳಗೆ ಹೋಗುವ ಮೊದಲು ಕೋಲಿನಿಂದ ಒಮ್ಮೆ ತಟ್ಟಿ ನೋಡುವ ಅಭ್ಯಾಸ ಮಾಡಿಸಿ, ಜಿಗಣೆಗೆ ಕಾಲನ್ನೂ ನೋಡಿಕೊಳ್ಳಲಿ.

ಬೇಡವಾದವನ್ನೂ ಹೇಳಿಬಿಡುತ್ತೇನೆ. ಹಳೇ ಟಯರಿಗೆ ಬಣ್ಣ ಬಳಿದು ಇಡಬೇಡಿ, ಒಳಗೆ ನೀರು ನಿಂತು ಸೊಳ್ಳೆಯ ಮನೆಯಾಗುತ್ತದೆ. ಬಾಟಲಿಯ ಹೂ ಬಿಸಿಲಿಗೆ ಪುಡಿಯಾಗಿ ಮಣ್ಣಿಗೆ ಸೇರುತ್ತದೆ, ಹೆಕ್ಕಲು ಆಗುವುದಿಲ್ಲ. ಕಾಡಿನ ಮರದಿಂದ ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್) ಕಿತ್ತು ತಂದು ಚಿಪ್ಪಿಗೆ ಕಟ್ಟಬೇಡಿ, ಅದು ಕಾಡಲ್ಲೇ ಇರಲಿ. ಕಲ್ಲು, ಮಗುಚಿದ ಕುಂಡ ಮೂಲೆಯಲ್ಲಿ ರಾಶಿ ಹಾಕಿದರೆ ಹಾವು, ಚೇಳು ಸೇರುತ್ತವೆ. ಕೈ ಹಾಕುವ ಮೊದಲು ಕೋಲಿನಿಂದ ಸರಿಸಿ ನೋಡಬೇಕು ಅಂತ ಮಕ್ಕಳಿಗೆ ಈಗಲೇ ಕಲಿಸಿ.

ದಿನದ ಲೆಕ್ಕ ಹೀಗಿಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ರಜೆ ಶುರುವಾದ ಕೂಡಲೇ ಕಲ್ಲು ತೊಳೆದು ಒಣಗಲು ಹಾಕಿ, ಬಿದಿರು ನೀರಿಗಿಳಿಸಿ, ಚಿಪ್ಪಿಗೆ ರಾಗಿ ಹಾಕಿ. ರಾಗಿ ಮೊಳೆಯುವ ಹೊತ್ತಿಗೆ ಸಿಮೆಂಟಿನ ಕೆಲಸಕ್ಕೆ ಕೈ ಹಾಕಿ. ಮೇ ಮಧ್ಯದೊಳಗೆ ಅದು ಮುಗಿಯಬೇಕು, ಎಲೆ ಸುಲಿದು ನೀರು ಬದಲಿಸುವಷ್ಟರಲ್ಲಿ ತಿಂಗಳ ಕೊನೆ ಬಂದಿರುತ್ತದೆ. ಸಂಜೆ ಗುಡುಗು ಮಳೆ ಬರುವ ಕಾಲ ಅದು. ಹಾಗಾಗಿ ಅಚ್ಚು ಹಾಕುವುದನ್ನು ಬೆಳಿಗ್ಗೆಯೇ, ಶೆಡ್ಡಿನ ಒಳಗೆ ಮಾಡಿ. ಮೊದಲ ಸಲಕ್ಕೆ ಅಂಗೈ ಅಗಲದ ಎಲೆಯಲ್ಲಿ ಒಂದು ಚಿಕ್ಕದು ಮಾಡಿ ನೋಡಿ. ಹದ ಕೈಗೆ ಸಿಕ್ಕ ಮೇಲೆ ದೊಡ್ಡ ಎಲೆಗೆ ಹೋಗಿ.